ಪಾಲಿಶ್ ಹಚ್ಚುವುದೋ, ತೆಗೆಯುವುದೋ? ಎಂಟನೆಯ ತರಗತಿಯ ‘ಬೆಳಕು’ ಘಟಕಕ್ಕೆ ಮನೆಯಲ್ಲಿ ಮಾಡಿದ ಒಂದು ಪಟ್ಟಿ

ಎಂಟನೆಯ ತರಗತಿಯ ‘ಬೆಳಕು’ ಘಟಕವನ್ನು ಅಭ್ಯಾಸ ಬೋಧನೆಗೆ ಆಯ್ದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಎರಡೇ ಉಪಕರಣ ಒಯ್ಯುತ್ತಾರೆ. ಒಂದು ಸಮತಲ ದರ್ಪಣ, ಇನ್ನೊಂದು ರಟ್ಟಿನ ತುಂಡು. ದರ್ಪಣದಲ್ಲಿ ಮುಖ ಕಾಣುತ್ತದೆ, ಅದು ನಿಯತ ಪ್ರತಿಫಲನ. ರಟ್ಟಿನಲ್ಲಿ ಕಾಣುವುದಿಲ್ಲ, ಅದು ಚದುರಿದ ಪ್ರತಿಫಲನ. ಕಪ್ಪುಹಲಗೆಯ ಮೇಲೆ ಒಂದು ನೇರ ಗೆರೆ, ಒಂದು ಅಂಕುಡೊಂಕು ಗೆರೆ, ನಾಲ್ಕಾರು ಬಾಣ. ಹತ್ತು ನಿಮಿಷದಲ್ಲಿ ಬೋಧನಾಂಶ ಮುಗಿಯುತ್ತದೆ. ಘಟಕ ಪರೀಕ್ಷೆಯಲ್ಲಿ ಮಕ್ಕಳು ಚಿತ್ರವನ್ನು ಸರಿಯಾಗಿಯೇ ಬಿಡಿಸುತ್ತಾರೆ. ಆದರೆ ಅವರ ಮಟ್ಟಿಗೆ ದರ್ಪಣವೂ ರಟ್ಟೂ ಎರಡು ಬೇರೆ ಜಾತಿಯ ವಸ್ತುಗಳು. ಒಂದೇ ವಸ್ತು ಬೆಳಿಗ್ಗೆ ರಟ್ಟಿನಂತಿದ್ದು ಸಂಜೆಗೆ ದರ್ಪಣದಂತಾಗಬಹುದು ಎಂಬುದು ಈ ಪಾಠದಿಂದ ತಿಳಿಯುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಅದು ದಿನನಿತ್ಯ ನಡೆಯುವ ಕೆಲಸ. ಇಳಕಲ್ಲಿನ ಗುಲಾಬಿ ಕೆಂಪು ಗ್ರಾನೈಟ್ ಹೊರದೇಶಗಳಿಗೂ ಹೋಗುತ್ತದೆ. ಗರಗಸದಿಂದ ಕೊಯ್ದು ಬಂದ ಮಂಕು ಹಲಗೆ ಪಾಲಿಶ್ ಯಂತ್ರದ ಕೆಳಗೆ ಹೋಗಿ ಹೊಳೆಯುತ್ತ ಹೊರಬರುವುದನ್ನು ಅಲ್ಲಿನ ಮಕ್ಕಳು ನೋಡಿಯೇ ಬೆಳೆದಿರುತ್ತಾರೆ. ಹೀಗಿದ್ದೂ ಇಳಕಲ್, ಹುನಗುಂದ, ಬಾದಾಮಿ ಈ ಮೂರೂ ಕಡೆ ಪಾಠ ವೀಕ್ಷಣೆಗೆ ಹೋದಾಗ “ಈ ಕಲ್ಲಿಗೆ ಹೊಳಪು ಹೆಂಗ ಬಂತು?” ಎಂದು ಕೇಳಿದರೆ ಬಂದ ಉತ್ತರ ಒಂದೇ: “ಪಾಲಿಶ್ ಹಚ್ಚ್ಯಾರ್ರೀ.”

ಇದಕ್ಕೆ ಮಕ್ಕಳನ್ನು ದೂರುವ ಹಾಗಿಲ್ಲ. ನಮ್ಮ ಕ್ರಿಯಾಪದಗಳೇ ಹಾಗಿವೆ. ಪಾಲಿಶ್ ಹಚ್ಚುತ್ತೇವೆ, ಒಪ್ಪ ಹಾಕುತ್ತೇವೆ, ಮೆರುಗು ಕೊಡುತ್ತೇವೆ. ಹಚ್ಚು, ಹಾಕು, ಕೊಡು: ಮೂರರಲ್ಲೂ ಹೊರಗಿನಿಂದ ಏನೋ ತಂದು ಸೇರಿಸಿದ ಭಾವ. ಬೂಟಿಗೆ, ಬಾಗಿಲಿಗೆ ಹಚ್ಚುವುದು ಹಚ್ಚುವುದೇ ಹೌದು. ಕಲ್ಲಿನ ವಿಷಯದಲ್ಲಿ ಮಾತ್ರ ಮಾತು ಒಂದು ಕಡೆ, ಕೆಲಸ ಇನ್ನೊಂದು ಕಡೆ. ಅಲ್ಲಿ ಸೇರಿಸುವುದಿಲ್ಲ, ಸವೆಸುತ್ತಾರೆ. ‘ಸಾಣೆ ಹಿಡಿಯುವುದು’ ಎಂಬ ಮಾತೊಂದರಲ್ಲಿ ಸವೆಸುವ ಅರ್ಥ ಉಳಿದಿದೆ, ಆದರೆ ಅದನ್ನು ನಾವು ಕುಡಗೋಲು, ಚಾಕುಗಳಿಗೆ ಮೀಸಲಿಟ್ಟಿದ್ದೇವೆ.

ಈ ತಪ್ಪು ಕಲ್ಪನೆಯನ್ನು ಮಾತಿನಿಂದ ಅಳಿಸಲು ಆಗುವುದಿಲ್ಲ, ಕೈಯಿಂದಲೇ ಆಗಬೇಕು ಎಂದು ಒಂದು ಉಪಕರಣ ಮಾಡಲು ಹೊರಟೆ. ಗ್ರಾನೈಟನ್ನು ಮನೆಯಲ್ಲಿ ಉಜ್ಜಲಾಗದು. ಅದರಲ್ಲಿರುವ ಬೆಣಚು, ಫೆಲ್ಡ್‌ಸ್ಪಾರ್ ಎರಡೂ ಉಕ್ಕಿನ ಚಾಕುವಿಗೂ ಸುಲಭವಾಗಿ ಸೋಲದ ಖನಿಜಗಳು. ಮರ ಬೇಗ ಸವೆಯುತ್ತದೆ, ಆದರೆ ಎಣ್ಣೆಯನ್ನೋ ವಾರ್ನಿಷನ್ನೋ ಹಚ್ಚದೆ ಹೊಳೆಯುವುದಿಲ್ಲ. ನಮಗೆ ಬೇಡವಾದ ಪಾಠವನ್ನೇ ಅದು ಕಲಿಸುತ್ತದೆ. ಈ ಎರಡರ ನಡುವೆ ಸಿಕ್ಕಿದ್ದು ಸಾಲಿಡ್ ಸರ್ಫೇಸ್. ಅಂಗಡಿಗಳಲ್ಲಿ ಇದನ್ನು ಒಂದು ಕಂಪನಿಯ ಹೆಸರಿನಿಂದ ಕೋರಿಯನ್ ಎಂದೇ ಕರೆಯುತ್ತಾರೆ. ಬಾಗಲಕೋಟೆಯ ನವನಗರದ ಹೊಸ ಮನೆಗಳಲ್ಲಿ ಅಡಿಗೆಮನೆಯ ಕಟ್ಟೆಗೆ ಕೆಲವರು ಹಾಕಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ ಜಾಲಂಧ್ರ ಕೊರೆದ ಬಿಳಿಯ ದೇವರ ಮಂಟಪಗಳಲ್ಲಿ ಕಾಣುತ್ತದೆ. ಅಂಥ ಮಂಟಪ ಮಾಡುವ ಕಡೆ ಕೇಳಿದರೆ ಉಳಿಕೆ ತುಂಡುಗಳನ್ನು ಬಿಟ್ಟಿಯಾಗಿಯೇ ಕೊಡುತ್ತಾರೆ.

ಇದರ ರಚನೆಯೂ ಪಾಠಕ್ಕೆ ಒದಗುವಂಥದು. ತೂಕದಲ್ಲಿ ಸುಮಾರು ಮೂರನೆಯ ಎರಡು ಭಾಗ ಅಲ್ಯೂಮಿನಿಯಂ ಟ್ರೈಹೈಡ್ರೇಟ್ ಎಂಬ ಬಿಳಿ ಖನಿಜದ ಪುಡಿ, ಉಳಿದದ್ದು ಅದನ್ನು ಹಿಡಿದಿಡುವ ಅಕ್ರಿಲಿಕ್. ಮೇಲ್ಪದರ, ಒಳಪದರ ಎಂಬುದಿಲ್ಲ, 12 ಮಿ.ಮೀ. ದಪ್ಪದ ಹಲಗೆ ಅಡ್ಡ ಕೊಯ್ದರೂ ಒಂದೇ ಬಣ್ಣ. ಆದ್ದರಿಂದ ಉಜ್ಜಿದಾಗ ಹೊಳಪು ಬಂದರೆ “ಒಳಗಿನ ಹೊಳೆಯುವ ಪದರು ಹೊರಬಂತು” ಎಂದು ಯಾರೂ ಹೇಳುವಂತಿಲ್ಲ.

ಪಟ್ಟಿ ಮಾಡಿದ ವಿಧಾನ

ಹಿತ್ತಲಿನ ತಗಡಿನ ಕೆಳಗೆ ನನ್ನದೊಂದು ಮೇಜಿದೆ. ಅದಕ್ಕೆ ಎರಡು ಕ್ಲ್ಯಾಂಪ್, ಒಂದು ಜಿಗ್‌ಸಾ, ಬಡಿಗರು ಟ್ರಿಮ್ಮರ್ ಎನ್ನುವ ಕೈ ರೂಟರ್. ಸಾಲಿಡ್ ಸರ್ಫೇಸನ್ನು ಮರದ ಸಲಕರಣೆಗಳಿಂದಲೇ ಕೊಯ್ಯಬಹುದು, ಆದರೆ ಬಿಟ್ಟಿನ ಅಲಗು ಕಾರ್ಬೈಡಿನದಾಗಿರಬೇಕು; ಖನಿಜದ ಪುಡಿ ಸಾದಾ ಉಕ್ಕಿನ ಅಲಗನ್ನು ಬೇಗ ಮೊಂಡು ಮಾಡುತ್ತದೆ. 60 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಕಪ್ಪು ಪಟ್ಟಿಯೊಂದನ್ನು ಕೊಯ್ದುಕೊಂಡೆ. ಬಿಳಿಯ ತುಂಡುಗಳು ಹೆಚ್ಚು ಸಿಗುತ್ತವೆ, ಆದರೆ ಗೀರೂ ಹೊಳಪೂ ಎದ್ದು ಕಾಣುವುದು ಕಪ್ಪಿನಲ್ಲಿ.

ಪಟ್ಟಿಯನ್ನು 10 ಸೆಂ.ಮೀ.ಯಂತೆ ಆರು ಮನೆ ಮಾಡಿ, ಇಡೀ ಪಟ್ಟಿಯನ್ನು ಮೊದಲು 120 ನಂಬರಿನ ವಾಟರ್ ಪೇಪರಿನಿಂದ ಉದ್ದಕ್ಕೆ ಉಜ್ಜಿದೆ. ಪೇಪರನ್ನು ಮರದ ತುಂಡಿಗೆ ಸುತ್ತಿಕೊಳ್ಳಬೇಕು. ಬರಿಗೈಯಲ್ಲಿ ಒತ್ತಿದರೆ ಬೆರಳಿನ ಜಾಗದಲ್ಲಿ ತಗ್ಗು ಬೀಳುತ್ತದೆ, ಹೊಳಪು ಬಂದ ಮೇಲೆ ಆ ತಗ್ಗು ಅಲೆಯಂತೆ ಕಾಣುತ್ತದೆ. ಆಮೇಲೆ ಮೊದಲ ಮನೆಗೆ ಮಾಸ್ಕಿಂಗ್ ಟೇಪ್ ಹಚ್ಚಿ ಮುಚ್ಚಿ, ಉಳಿದ ಐದನ್ನು 180ರಿಂದ ಅಡ್ಡಕ್ಕೆ ಉಜ್ಜಿದೆ. ಎರಡನೆಯದನ್ನು ಮುಚ್ಚಿ 240ರಿಂದ ಮತ್ತೆ ಉದ್ದಕ್ಕೆ. ಹೀಗೆ ನಾಲ್ಕನೆಯ ಮನೆ 400ಕ್ಕೆ, ಐದನೆಯದು 800ಕ್ಕೆ ನಿಲ್ಲುತ್ತದೆ. ಆರನೆಯದು 1500ನ್ನೂ ದಾಟಿ, ಕಾರಿನ ಪೇಂಟಿಗೆ ಬಳಸುವ ರಬ್ಬಿಂಗ್ ಕಾಂಪೌಂಡಿನವರೆಗೆ ಹೋಗುತ್ತದೆ.

ಪ್ರತಿ ಸಲ ದಿಕ್ಕು ಬದಲಿಸುವುದು ಮುಖ್ಯ. ಅಡ್ಡ ಉಜ್ಜುತ್ತಿರುವಾಗ ಉದ್ದನೆಯ ಗೀರು ಒಂದಾದರೂ ಕಂಡರೆ ಹಿಂದಿನ ನಂಬರಿನ ಕೆಲಸ ಬಾಕಿ ಇದೆ ಎಂದೇ ಅರ್ಥ. ಪಿ ಅಕ್ಷರದ ಅಳತೆಯ ಪೇಪರಿನಲ್ಲಿ 120ರ ಕಣ ಸುಮಾರು 125 ಮೈಕ್ರಾನ್, 400ರದು 35, 1500ರದು ಹನ್ನೆರಡೂವರೆಯಷ್ಟು. ಗೀರಿನ ಆಳ ಕಣದ ಗಾತ್ರಕ್ಕಿಂತ ಬಹಳ ಕಡಿಮೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರಾನ್. ಗೀರುಗಳು ಈ ಕೊನೆಯ ಅಳತೆಗಿಂತ ಸಣ್ಣವಾದಾಗ ಬೆಳಕಿನ ಮಟ್ಟಿಗೆ ಆ ಮೇಲ್ಮೈ ಸಮತಟ್ಟು. ಎಂಟನೆಯ ತರಗತಿಗೆ ಈ ಅಂಕಿಗಳು ಬೇಡ, ಬೋಧಿಸುವವರ ತಲೆಯಲ್ಲಿ ಇರಲಿ.

ಇದಲ್ಲದೆ ಒಂದು ಗಿಡ್ಡ ಪಟ್ಟಿಯನ್ನು ಬೇಕೆಂದೇ ಬೇರೆ ರೀತಿ ಮಾಡಿದೆ. 120 ಆದ ಕೂಡಲೇ ನಡುವಿನದೆಲ್ಲ ಬಿಟ್ಟು 1500ಕ್ಕೆ ಹಾರಿ, ಮುಕ್ಕಾಲು ಗಂಟೆ ಉಜ್ಜಿದೆ. ಅದು ಹೊಳೆಯುತ್ತದೆ, ಆದರೆ ಹೊಳಪಿನ ನಡುವೆ ಆಳದ ಗೀರುಗಳೆಲ್ಲ ಹಾಗೆಯೇ ನಿಂತಿವೆ. ದಿಬ್ಬಗಳ ನೆತ್ತಿ ನುಣುಪಾಗಿದೆ, ತಗ್ಗುಗಳನ್ನು ಪೇಪರು ಮುಟ್ಟಿಯೇ ಇಲ್ಲ. ಆರು ಮನೆಯ ಪಟ್ಟಿಗಿಂತ ಹೆಚ್ಚು ಪ್ರಶ್ನೆ ಹುಟ್ಟಿಸಿದ್ದು ಈ ‘ಹಾರಿದ ಪಟ್ಟಿ’.

ಕೆತ್ತನೆಯ ತುಂಡು ಇನ್ನೊಂದು. ಇಳಕಲ್ ಸೀರೆಯ ಸೆರಗಿನಲ್ಲಿ ಕಾಣುವ ತೆನೆಯ ಆಕಾರವನ್ನು ಹೊಳಪು ಬಂದ ಕಪ್ಪು ಹಲಗೆಯ ಮೇಲೆ 3 ಮಿ.ಮೀ. ಆಳಕ್ಕೆ ಕೊರೆದೆ. ಮರಕ್ಕಿರುವಂತೆ ಇದಕ್ಕೆ ನಾರಿನ ದಿಕ್ಕಿಲ್ಲ, ಯಾವ ಕಡೆ ಹೋದರೂ ಬಿಟ್ಟು ಒಂದೇ ರೀತಿ ಓಡುತ್ತದೆ. ಆದರೆ ಒಂದೇ ಏಟಿಗೆ 3 ಮಿ.ಮೀ. ಇಳಿಸಿದರೆ ಬಿಸಿಗೆ ಅಕ್ರಿಲಿಕ್ ಮೆತ್ತಗಾಗಿ ಅಲಗಿಗೆ ಮೆತ್ತಿಕೊಳ್ಳುತ್ತದೆ, ಅಂಚು ಹರಿಯುತ್ತದೆ. ಒಂದೊಂದು ಮಿ.ಮೀ.ನಂತೆ ಮೂರು ಸಲ ಹೋಗುವುದು ಒಳ್ಳೆಯದು. ಆರಪಾರ ಕೊಯ್ಯುವಲ್ಲಿ ಒಳಮೂಲೆಗಳನ್ನು ಚೂಪಾಗಿ ಬಿಡಬಾರದು, ಬಿರುಕು ಅಲ್ಲಿಂದಲೇ ಹೊರಡುತ್ತದೆ. ದುಂಡನೆಯ ಅರದಿಂದ ಮೂಲೆಯನ್ನು ಗುಂಡಗೆ ಮಾಡಬೇಕು.

ಕೊರೆದ ತಗ್ಗಿಗೂ ಹೊಳಪು ತರಬೇಕೆಂದು ಐಸ್‌ಕ್ರೀಂ ಕಡ್ಡಿಗೆ ಪೇಪರ್ ಸುತ್ತಿ ಅರ್ಧ ತೆನೆಯನ್ನು ಉಜ್ಜಿದೆ. ಉಜ್ಜಿದ ಅರ್ಧ ಸುತ್ತಲಿನ ಕಪ್ಪಿನಲ್ಲಿ ಕರಗಿಹೋಯಿತು. ಬಿಟ್ಟ ಅರ್ಧ ಬೂದು ಬಿಳುಪಾಗಿ ನಿಚ್ಚಳವಾಗಿ ನಿಂತಿತು. ಹಾಗೆಯೇ ಬಿಟ್ಟೆ. ಒಂದೇ ವಸ್ತು, ಒಂದೇ ಬಣ್ಣ. ಒರಟಾದದ್ದು ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವುದರಿಂದ ಬಿಳುಪಾಗಿ ಕಾಣುತ್ತದೆ. ಇದನ್ನು ನೋಡಿದ ಮೇಲೆ ಹೊಳೆದದ್ದು, ನಮ್ಮ ಶಾಲೆಗಳ ಗೋಡೆಯ ಮೇಲಿರುವ ಶಂಕುಸ್ಥಾಪನೆಯ ಕಲ್ಲು. ಕಪ್ಪು ಗ್ರಾನೈಟಿನಲ್ಲಿ ಕೊರೆದ ಅಕ್ಷರಗಳಿಗೆ ಬಂಗಾರದ ಬಣ್ಣ ತುಂಬಿರುತ್ತಾರೆ. ಬಣ್ಣ ಉದುರಿದಲ್ಲಿಯೂ ಅಕ್ಷರ ಓದಲು ಬರುತ್ತದೆ. ಖರ್ಚಿಲ್ಲದ ಈ ಉಪಕರಣ ಶಾಲೆಯ ಬಾಗಿಲಲ್ಲೇ ಇದೆ.

ತರಗತಿಯಲ್ಲಿ

ಪಟ್ಟಿಯನ್ನು ಮೊದಲು ಒಯ್ದದ್ದು ಹುನಗುಂದದ ಒಂದು ಪ್ರೌಢಶಾಲೆಗೆ. ಪಾಠ ಮಾಡಿದ್ದು ಪ್ರಶಿಕ್ಷಣಾರ್ಥಿ, ನಾನು ಹಿಂದಿನ ಬೆಂಚಿನಲ್ಲಿ. ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ಪ್ರತಿ ಮನೆಯಲ್ಲೂ ಟ್ಯೂಬ್‌ಲೈಟಿನ ಬಿಂಬ ಹುಡುಕಲು ಹೇಳಿದರು. ಮೊದಲ ಮನೆಯಲ್ಲಿ ಏನೂ ಇಲ್ಲ, ನಾಲ್ಕನೆಯದರಲ್ಲಿ ಮಸುಕಾದ ಬೆಳಕಿನ ಪಟ್ಟೆ, ಆರನೆಯದರಲ್ಲಿ ಟ್ಯೂಬ್‌ಲೈಟ್ ಪೂರ್ತಿ. ಇಲ್ಲಿಯವರೆಗೆ ಪಾಠಯೋಜನೆಯಂತೆಯೇ ನಡೆಯಿತು. ಆಗ ಒಬ್ಬ ಹುಡುಗ ಬೆರಳನ್ನು ನಾಲಿಗೆಗೆ ಮುಟ್ಟಿಸಿ 120ರ ಮನೆಯ ಮೇಲೆ ಒರೆಸಿದ. “ಟೀಚರ್, ಇಲ್ಲೂ ಹೊಳೀತೈತ್ರೀ. ಹಚ್ಚಿದ್ರ ಹೊಳೀತೈತಿ ನೋಡ್ರಿ.”

ಪ್ರಶಿಕ್ಷಣಾರ್ಥಿ “ಅದು ಬ್ಯಾರೆ, ಕುಂದ್ರು” ಎಂದು ಮುಂದುವರಿದರು. ವೇಳೆಯ ಒತ್ತಡದಲ್ಲಿ ಯಾರಾದರೂ ಹಾಗೆ ಮಾಡಿಯಾರು. ಆದರೆ ಆ ಹುಡುಗನ ಹತ್ತಿರ ಪುರಾವೆ ಇತ್ತು, ಅದೂ ಕಣ್ಣೆದುರಿನ ಪುರಾವೆ. ಎಣ್ಣೆ ಮಜ್ಜನದ ನಂತರ ಹೊಳೆಯುವ ಮೂರ್ತಿ, ಮಳೆ ಬಿದ್ದಾಗ ಮಿಂಚುವ ಡಾಂಬರು ರಸ್ತೆ, ಎಲ್ಲವೂ ಅವನ ಪರವಾಗಿವೆ. ಅವನನ್ನು ಕೂರಿಸಿದರೆ ಅವನು ನಿಯತ ಪ್ರತಿಫಲನದ ಚಿತ್ರ ಬಿಡಿಸುತ್ತಾನೆ, ‘ಹಚ್ಚಿದರೆ ಹೊಳೆಯುತ್ತದೆ’ ಎಂಬುದನ್ನೇ ನಂಬಿಕೊಂಡಿರುತ್ತಾನೆ.

ಇಳಕಲ್ಲಿನ ಪಾಠಕ್ಕೆ ಮುಂಚೆ ಈ ಬಗ್ಗೆ ಪ್ರಶಿಕ್ಷಣಾರ್ಥಿಗಳ ಗುಂಪಿನಲ್ಲಿ ಚರ್ಚಿಸಿದೆವು. ಅಲ್ಲಿ ಪಾಠ ಮಾಡಿದವರು ಅದೇ ಪ್ರಶ್ನೆಯನ್ನು ತಾವೇ ಎತ್ತಿಕೊಂಡರು. 120ರ ಮನೆಯ ಮೇಲೆ ಒಂದು ಹನಿ ನೀರು, ಪಕ್ಕದಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ. ಎರಡೂ ಕಡೆ ಬಿಂಬ ಕಾಣಿಸಿತು. “ಈಗ ಬೆಳಕು ಬಡಿಯೋದು ಕಲ್ಲಿಗೋ, ನೀರಿಗೋ?” ಎಂಬ ಪ್ರಶ್ನೆಗೆ ತರಗತಿ ಎರಡು ಪಾಲಾಯಿತು. ನೀರು ಆರಿದಾಗ ಹೊಳಪು ಹೋಯಿತು. ಎಣ್ಣೆಯನ್ನು ಸಾಬೂನಿನಿಂದ ತೊಳೆದಾಗ ಅದೂ ಹೋಯಿತು. ಆರನೆಯ ಮನೆಯನ್ನು ಅದೇ ಸಾಬೂನಿನಿಂದ ತೊಳೆದರು, ಅದು ಹೋಗಲಿಲ್ಲ. ಕೊನೆಗೆ ಒಬ್ಬ ಹುಡುಗಿ ಹೇಳಿದ ಮಾತನ್ನು ನನ್ನ ವೀಕ್ಷಣಾ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ: “ಒಂದು ತಗ್ಗ ತುಂಬೂದ್ರೀ, ಒಂದು ದಿನ್ನಿ ಕಡಿಯೂದ್ರೀ.” ತಗ್ಗನ್ನು ತುಂಬಿದರೂ ಸಮತಟ್ಟು, ದಿನ್ನೆಯನ್ನು ಕಡಿದರೂ ಸಮತಟ್ಟು. ಮೊದಲ ಹುಡುಗ ಹೇಳಿದ್ದು ಅರ್ಧ ಸರಿ; ಉಳಿದರ್ಧವನ್ನು ತೋರಿಸುವುದಷ್ಟೇ ನಮ್ಮ ಕೆಲಸವಾಗಿತ್ತು. ಒಂದು ಎಚ್ಚರಿಕೆ: ಅಂಗಡಿಯ ಕೆಲವು ಪಾಲಿಶ್‌ಗಳಲ್ಲಿ ಮೇಣ ಇರುತ್ತದೆ, ಅದೂ ತಗ್ಗು ತುಂಬುವ ಕೆಲಸವನ್ನೇ ಮಾಡುತ್ತದೆ. ಪಟ್ಟಿ ಮಾಡುವಾಗ ಅಂಥದ್ದನ್ನು ಬಳಸಿದರೆ ಈ ಸಾಬೂನಿನ ಪರೀಕ್ಷೆ ಕೈಕೊಡುತ್ತದೆ.

ಇನ್ನೊಂದು ಚಟುವಟಿಕೆ ಯೋಜನೆಯಲ್ಲಿ ಇರಲಿಲ್ಲ, ಮಕ್ಕಳೇ ಕಂಡುಕೊಂಡರು. ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಕಿಟಕಿಯ ಕಡೆ ನೋಡಿದರೆ, ನೇರ ನೋಡಿದಾಗ ಮಂಕಾಗಿದ್ದ 400ರ ಮನೆಯಲ್ಲೂ ಕಿಟಕಿಯ ಸರಳುಗಳು ಕಾಣುತ್ತವೆ. ಬೆಳಕು ತೀರ ಓರೆಯಾಗಿ ಬಂದಾಗ ಉಬ್ಬುತಗ್ಗುಗಳ ಎತ್ತರದ ವ್ಯತ್ಯಾಸ ಅದರ ದಾರಿಯಲ್ಲಿ ಬಹಳ ಕಡಿಮೆ ಅಂತರ ಉಂಟುಮಾಡುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ರೇಲೀ ಮಾನದಂಡ ಎಂಬ ಲೆಕ್ಕವಿದೆ. ಅಂದರೆ ‘ನುಣುಪು’ ವಸ್ತುವಿನ ಗುಣ ಮಾತ್ರವಲ್ಲ, ಬೆಳಕು ಬರುವ ಕೋನವೂ ಅದರಲ್ಲಿ ಸೇರಿದೆ. ಇದನ್ನು ವಿವರಿಸಲು ಹೋಗದೆ, ನೋಡಿ ಆಶ್ಚರ್ಯಪಡಲು ಬಿಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಬಾದಾಮಿಯಲ್ಲಿ ಪಾಠ ಕಲ್ಲಿನ ಕಡೆಗೇ ತಿರುಗಿತು. ಅಲ್ಲಿನ ಮಕ್ಕಳಿಗೆ ಮರಳುಗಲ್ಲು ಮನೆಯ ಗೋಡೆಯಷ್ಟು ಪರಿಚಿತ. 578ರಲ್ಲಿ ಮಂಗಳೇಶ ಮಾಡಿಸಿದ ಮೂರನೆಯ ಗುಹೆಯ ವಿಷ್ಣುವಿನ ಮೈಯೇಕೆ ಗ್ರಾನೈಟಿನಂತೆ ಹೊಳೆಯುವುದಿಲ್ಲ ಎಂಬ ಪ್ರಶ್ನೆ ಬಂತು. ಮರಳುಗಲ್ಲು ಎಂದರೆ ಬೆಣಚಿನ ಕಾಳುಗಳ ಒಟ್ಟಿಲು; ನಡುವೆ ಸಣ್ಣ ರಂಧ್ರಗಳು. ಉಜ್ಜಿದರೆ ಕಾಳು ಸವೆಯುವುದಕ್ಕಿಂತ ಕಿತ್ತು ಬರುವುದೇ ಹೆಚ್ಚು, ಪ್ರತಿ ಕಾಳು ಒಂದು ಹೊಸ ತಗ್ಗು ಬಿಟ್ಟುಹೋಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದರು. ಅದು ನುಣ್ಣನೆಯ ಕಣದ ಮೆದು ಕಲ್ಲು. 1112ರ ಇಟಗಿಯ ಮಹಾದೇವ ದೇವಾಲಯದಲ್ಲಿ, ಲಕ್ಕುಂಡಿಯಲ್ಲಿ ಆ ಕಲ್ಲಿನ ಕಂಬಗಳು ಇಂದಿಗೂ ನುಣ್ಣಗೆ ಹೊಳೆಯುತ್ತವೆ. ನಮ್ಮ ಸಾಲಿಡ್ ಸರ್ಫೇಸ್ ಈ ವಿಷಯದಲ್ಲಿ ಬಳಪದ ಕಲ್ಲಿನ ತಮ್ಮನೆನ್ನಬಹುದು: ಮೆದುವಾಗಿದೆ, ಕಣ ಸಣ್ಣದು, ಕೆತ್ತನೆಗೂ ಹೊಳಪಿಗೂ ಒದಗುತ್ತದೆ. ಮರಳುಗಲ್ಲಿನ ಮಾದರಿಯನ್ನು ಮನೆ ಕಟ್ಟುವ ಕಡೆ ಬಿದ್ದ ಚೂರಿನಿಂದ ತೆಗೆದುಕೊಳ್ಳಬೇಕು. ಸ್ಮಾರಕದ ಆವರಣದಿಂದ ಒಂದು ಹರಳನ್ನೂ ತರಬಾರದು ಎಂದು ಪ್ರಶಿಕ್ಷಣಾರ್ಥಿಗಳಿಗೆ ಮೊದಲೇ ಹೇಳಿದ್ದೆ.

ಧೂಳಿನ ಮಾತು

ಪಾಠಯೋಜನೆಯ ‘ಮುನ್ನೆಚ್ಚರಿಕೆ’ ಎಂಬ ಕಾಲಮ್ಮನ್ನು ನಮ್ಮಲ್ಲಿ ಒಂದು ಸಾಲಿನಲ್ಲಿ ತುಂಬಿ ಮುಗಿಸುತ್ತಾರೆ. ಈ ಪಾಠದಲ್ಲಿ ಹಾಗೆ ಮಾಡಲಾಗದು. ಮನೆಯಲ್ಲಿ ಕೊಯ್ಯುವಾಗ ನಾನು ಎನ್-95 ಮಾಸ್ಕ್, ಕಣ್ಣಿಗೆ ಗಾಗಲ್ ಹಾಕಿಕೊಂಡೇ ನಿಲ್ಲುತ್ತೇನೆ, ಉಜ್ಜುವುದೆಲ್ಲ ನೀರಿನಲ್ಲಿ. ಸಾಲಿಡ್ ಸರ್ಫೇಸಿನ ಧೂಳಿನಲ್ಲಿ ಬೆಣಚಿಲ್ಲವಾದರೂ ಅದು ನಿರಪಾಯ ಎಂದು ತಿಳಿಯಬಾರದು. ಆ ಧೂಳಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಒಬ್ಬರ ಶ್ವಾಸಕೋಶ ಗಡುಸಾದದ್ದನ್ನು 2014ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದಾರೆ. ತರಗತಿಯಲ್ಲಿ ಮಕ್ಕಳ ಕೈಗೆ 800, 1500 ಪೇಪರ್ ಮಾತ್ರ, ಅದೂ ನೀರಿನ ತಟ್ಟೆಯೊಂದಿಗೆ. ಗ್ರಾನೈಟನ್ನೂ ಮರಳುಗಲ್ಲನ್ನೂ ನೋಡುವುದಷ್ಟೇ, ಉಜ್ಜುವುದಿಲ್ಲ. ಅವುಗಳ ಬೆಣಚಿನ ಧೂಳು ಸಿಲಿಕೋಸಿಸ್ ತರುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ಕೆಲವೇ ಮೈಕ್ರಾನಿನವು, ಕಣ್ಣಿಗೆ ಕಾಣುವುದಿಲ್ಲ. ಒಮ್ಮೆ ಬಂದರೆ ಹಿಂದೆ ಸರಿಯದ ರೋಗ ಅದು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಬೆಣಚಿನ ಪುಡಿಯನ್ನು ಅಂಟಿನಿಂದ ಒತ್ತಿ ಮಾಡುವ ಅಡಿಗೆಮನೆಯ ಕೃತಕ ಕಲ್ಲನ್ನು ಆಸ್ಟ್ರೇಲಿಯ 2024ರ ಜುಲೈ 1ರಿಂದ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಇಳಕಲ್ಲಿನ ತರಗತಿಯಲ್ಲಿ ಪ್ರಶಿಕ್ಷಣಾರ್ಥಿ ನೀರಿನ ತಟ್ಟೆಯ ಕಾರಣ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತ. “ಫ್ಯಾಕ್ಟರ್‍ಯಾಗ ನೀರು ಬಿಡತಾರ್ರೀ. ನಮ್ಮಪ್ಪ ಮನಿ ಮನಿಗೆ ಹೋಗಿ ಕಟ್ಟಿ ಕೂಡಸ್ತಾನ, ಅಲ್ಲಿ ಒಣಾನ ಕೊಯ್ತಾನ್ರೀ. ಮಾರಿಗೆ ಟಾವೆಲ್ ಕಟ್ಕೋತಾನ. ನಡೀತದಲ್ರೀ?”

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು, ನಾನು ತಲೆ ಆಡಿಸಿದೆ. ಅವರು ಹೇಳಿದ್ದು ಇಷ್ಟು: “ಟಾವೆಲ್ ದೊಡ್ಡ ಧೂಳ ತಡೀತದ, ಸಣ್ಣ ಧೂಳ ತಡ್ಯಂಗಿಲ್ಲ. ಕೊಯ್ಯೂ ಜಾಗಕ್ಕ ಒಬ್ಬರು ಸಣ್ಣಗ ನೀರು ಬಿಟ್ರ ಧೂಳ ಏಳಂಗಿಲ್ಲ. ಮಾಸ್ಕ್ ಮಾರಿಗೆ ಬಿಗ್ಯಾಗಿ ಕೂಡಬೇಕು. ಅಪ್ಪಾಜಿಗೆ ಇದನ್ನ ಹೇಳು.” ರೋಗದ ಹೆಸರನ್ನು ಆ ಹುಡುಗನ ಮುಖ ನೋಡಿ ಮತ್ತೆ ಎತ್ತಲಿಲ್ಲ, ಹಾಗೆಂದು “ಏನೂ ಆಗಂಗಿಲ್ಲ” ಎಂದೂ ಹೇಳಲಿಲ್ಲ. ಪಾಠದ ನಂತರದ ಚರ್ಚೆಯಲ್ಲಿ ಕೆಲವರು, ವಿಜ್ಞಾನ ಶಿಕ್ಷಕರು ರೋಗವನ್ನು ಸ್ಪಷ್ಟವಾಗಿ ವಿವರಿಸಬೇಕಿತ್ತು ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಇಡೀ ತರಗತಿಗೆ ಅದನ್ನು ಅದಾಗಲೇ ಹೇಳಿಯಾಗಿತ್ತು. ಆ ಪ್ರಶ್ನೆ ಕೇಳಿದವನಿಗೆ ಬೇಕಿದ್ದದ್ದು ಆ ಸಂಜೆ ಮನೆಯಲ್ಲಿ ಹೇಳಬಹುದಾದ ಒಂದು ಮಾತು. ಅಪ್ಪನ ದುಡಿಮೆಯ ಬಗ್ಗೆ ತರಗತಿಯೆದುರು ಮಗನಿಗೆ ಹೆದರಿಕೆ ಹುಟ್ಟಿಸಿದರೆ ಮುಂದಿನ ಪ್ರಶ್ನೆ ಅವನಿಂದ ಬರುವುದಿಲ್ಲ.

ಮೌಲ್ಯಮಾಪನಕ್ಕೆ ‘ವ್ಯತ್ಯಾಸ ಬರೆಯಿರಿ’ ಎಂಬ ಪ್ರಶ್ನೆ ಕೈಬಿಟ್ಟು ಎರಡು ಬೇರೆ ಪ್ರಶ್ನೆ ಕೊಟ್ಟೆವು. ಹಾರಿದ ಪಟ್ಟಿಯನ್ನು ಕೈಗೆ ಕೊಟ್ಟು ‘ಇದನ್ನು ಸರಿಪಡಿಸಲು ಯಾವ ನಂಬರಿನಿಂದ ಶುರು ಮಾಡುತ್ತೀರಿ, ಏಕೆ?’ ಎಂಬುದು ಒಂದು. ಬಹಳಷ್ಟು ಮಕ್ಕಳು ಮೊದಲು “2000 ನಂಬರ್ ಹಾಕಬೇಕು” ಎಂದೇ ಬರೆದರು. ಗೀರು ಎಷ್ಟು ಆಳವಿದೆ ಎಂದು ಉಗುರು ಆಡಿಸಿ ನೋಡಿದವರು 180 ಎಂದರು. ಇನ್ನೊಂದು, ತಮ್ಮ ಶಾಲೆಯ ಶಂಕುಸ್ಥಾಪನೆಯ ಕಲ್ಲಿನಲ್ಲಿ ಬಣ್ಣ ಹೋದ ಅಕ್ಷರ ಏಕೆ ಕಾಣುತ್ತದೆ ಎಂಬುದು.

ಉತ್ತರ ಕೊಡಲು ಪ್ರಶಿಕ್ಷಣಾರ್ಥಿಗಳು ತಡವರಿಸಿದ್ದು ಬಾದಾಮಿಯಲ್ಲಿ ಬಂದ ಒಂದು ಪ್ರಶ್ನೆಗೆ. ಹೋಲಿಕೆಗೆಂದು ಒಯ್ದಿದ್ದ ಬಿಳಿಯ ತುಂಡನ್ನೂ 1500ರವರೆಗೆ ಉಜ್ಜಿದ್ದೆ. ಒಬ್ಬ ಹುಡುಗಿ ಕೇಳಿದಳು: “ಇದೂ ಕನ್ನಡಿಯಂಗ ಆಗೇತಿ ಅಂದ್ರ, ಬೆಳ್ಳಗ ಯಾಕ ಕಾಣತೈತ್ರೀ?” ಮುಂದಿನ ತಂಡದವರು ಇದಕ್ಕೆ ಸಿದ್ಧರಾಗಿ ಹೋಗಬೇಕು. ಅಕ್ರಿಲಿಕ್ಕಿನ ಮೇಲ್ಮೈಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲಷ್ಟೇ ಕನ್ನಡಿಯಂತೆ ಹಿಂದಿರುಗುತ್ತದೆ. ಉಳಿದದ್ದು ಒಳಗೆ ಹೋಗುತ್ತದೆ. ಬಿಳಿಯ ತುಂಡಿನಲ್ಲಿ ಅದು ಒಳಗಿನ ಪುಡಿಯ ಕಣಗಳಿಗೆ ತಾಗಿ ಚದುರಿ ಮತ್ತೆ ಹೊರಬರುತ್ತದೆ, ಆ ನಾಲ್ಕು ಪಾಲನ್ನು ಮುಳುಗಿಸಿಬಿಡುತ್ತದೆ. ಕಪ್ಪು ತುಂಡಿನಲ್ಲಿ ಒಳಗೇ ಹೀರಿಹೋಗುವುದರಿಂದ ಆ ನಾಲ್ಕು ಪಾಲೇ ಎದ್ದು ಕಾಣುತ್ತದೆ. ಎರಡೂ ತುಂಡುಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ಟಾರ್ಚಿನಿಂದ ಬೆಳಕು ಬಿಟ್ಟು, ಪ್ರಶ್ನೆಯನ್ನು ಮೊದಲು ಅವರಿಗೇ ಕೇಳಬೇಕು.